ಅಪ್ಪನ ಹಣೆಯ ಮೇಲಿನ ಬಿಳಿ

ನಮ್ಮಪ್ಪನಿಗೆ ದೇವರ ಮೇಲೆ ನಂಬಿಕೆ ಇತ್ತೋ ಇಲ್ಲವೋ ಎಂಬ ವಿಷಯದಲ್ಲಿ ನಾವು ಮೂವರು ಮಕ್ಕಳು ಇವತ್ತಿಗೂ ಒಂದು ಮಾತಿಗೆ ಬಂದಿಲ್ಲ. ನಮ್ಮಲ್ಲಿ ದೊಡ್ಡವಳು, ಸವಣೂರಿಗೆ ಕೊಟ್ಟಾಕಿ, ಅಪ್ಪನಂಥ ಭಕ್ತ ಇಡೀ ಶಿಗ್ಗಾಂವ ತಾಲೂಕಿನಲ್ಲಿ ಸಿಗಲಿಕ್ಕಿಲ್ಲ ಅನ್ನುತ್ತಾಳೆ. ಸಣ್ಣವನ ಪ್ರಕಾರ ಅಪ್ಪನಿಗೆ ದೇವರೆಂದರೆ ಚಾಷ್ಟಿ ಮಾಡಲು ಸಿಕ್ಕ ಇನ್ನೊಬ್ಬ ಗಿರಾಕಿ, ಅಷ್ಟೇ. ನಡುವೆ ಹುಟ್ಟಿದವರ ಮಾತನ್ನು ಯಾವ ಮನೆಯಲ್ಲೂ ಕೇಳುವುದಿಲ್ಲ, ಹಾಗಾಗಿ ಅದನ್ನು ಬಿಡೋಣ. ಅಪ್ಪ ಹೋಗಿ ಮೂರು ವರ್ಷವಾಯಿತು. ವರ್ಷಕ್ಕೊಮ್ಮೆ ಆತನ ದಿನಕ್ಕೆ ಎಲ್ಲರೂ ಊರಿಗೆ ಬರುತ್ತೇವೆ, ಮಾದಲಿ ಉಣ್ಣುತ್ತೇವೆ, ಅವ್ವನ ಮುಂದೆ ಕುಂತು ಇದೇ ಜಗಳ ತೆಗೆಯುತ್ತೇವೆ. ಈ ಸಲ ಜಗಳ ಆಡುವ ಬದಲು ಬರೆದಿಡೋಣ ಅನಿಸಿತು.

ಅಪ್ಪನದು ಹಿಟ್ಟಿನ ಗಿರಣಿ. ಶಿಗ್ಗಾಂವದಿಂದ ಒಳಗಿನ ಹಳ್ಳಿ. ಪೂನಾ-ಬೆಂಗಳೂರು ರಸ್ತೆಯ ಲಾರಿಗಳ ಸದ್ದು ರಾತ್ರಿ ಗಾಳಿ ತಿರುಗಿದಾಗ ಮಾತ್ರ ಕೇಳುವಷ್ಟು ದೂರ. ಗಿರಣಿ ಅಂದರೆ ಏನೂ ದೊಡ್ಡದಲ್ಲ. ತಗಡಿನ ಶೆಡ್ಡು, ಒಂದು ಮೋಟರು, ಉದ್ದನೆಯ ಪಟ್ಟಾ, ಒಂದಕ್ಕೊಂದು ಮುಖ ಮಾಡಿದ ಎರಡು ಕಲ್ಲು, ಹಿಟ್ಟು ಬೀಳುವ ಕಡೆ ಅವ್ವನ ಹಳೇ ಸೀರೆಯಿಂದ ಹೊಲಿದ ಬಟ್ಟೆಯ ತೋಳು. ಮೂಲೆಯಲ್ಲಿ ಖಾರ ಕುಟ್ಟುವ ಮಷೀನು ಬೇರೆ. ಬಾಗಿಲ ಮೇಲಿನ ಬೋರ್ಡಿನಲ್ಲಿ ‘ತಾ. ಶಿಗ್ಗಾಂವ, ಜಿ. ಧಾರವಾಡ’ ಎಂದು ಬರೆದಿತ್ತು. 1997ರಲ್ಲಿ ಹಾವೇರಿ ಬೇರೆ ಜಿಲ್ಲೆಯಾಯಿತು. ಬೋರ್ಡು ತಿದ್ದಿಸು ಅಂತ ಎಲ್ಲರೂ ಹೇಳಿದರು. ಅಪ್ಪ ತಿದ್ದಿಸಲಿಲ್ಲ. “ಜಿಲ್ಲಾ ಬದಲಾದ್ರ ಹಿಟ್ಟು ಬದಲಾಗತೈತೇನ?” ಅಂದ. ಬಣ್ಣದ ಖರ್ಚು ಉಳಿಸಲು ಹಾಗಂದದ್ದು ಎಂದು ಅವ್ವ ಈಗಲೂ ಹೇಳುತ್ತಾಳೆ.

ಮುಂಜಾನೆ ಸ್ನಾನ ಮಾಡಿ, ಕೊರಳಿನ ಲಿಂಗ ತೆಗೆದು ಅಂಗೈಯಲ್ಲಿಟ್ಟು ಒಂದೆರಡು ನಿಮಿಷ ಕಣ್ಣು ಮುಚ್ಚುತ್ತಿದ್ದ. ಹಣೆಗೆ ವಿಭೂತಿ ಹಚ್ಚುತ್ತಿದ್ದ. ಗಿರಣಿಗೆ ಹೋಗಿ ಅರ್ಧ ತಾಸಾಗುವಷ್ಟರಲ್ಲಿ ಮುಖ, ಹುಬ್ಬು, ರೆಪ್ಪೆ, ಕಿವಿಯ ಕೂದಲು ಎಲ್ಲಾ ಹಿಟ್ಟು. ವಿಭೂತಿ ಎಲ್ಲಿ ಮುಗಿಯಿತು, ಹಿಟ್ಟು ಎಲ್ಲಿ ಶುರುವಾಯಿತು ಎಂದು ಯಾರಿಗೂ ಹೇಳಲು ಬರುತ್ತಿರಲಿಲ್ಲ. ಒಮ್ಮೆ ಮಠದಿಂದ ಬಂದ ಅಯ್ಯನವರೊಬ್ಬರು ಆತನ ಹಣೆ ನೋಡಿ, “ಏನಪಾ, ವಿಭೂತಿ ಭಾಳ ದಪ್ಪ ಹಚ್ಚೀದಿ, ಭಕ್ತಿ ಜೋರೈತಿ” ಅಂದರಂತೆ. ಅಪ್ಪ ಹಣೆಯ ಮೇಲೆ ಬೆರಳಾಡಿಸಿ ನಾಲಿಗೆಗೆ ಹಚ್ಚಿ ನೋಡಿ, “ಇಲ್ರೀ ಅಪ್ಪಾರ, ಇದು ಕಡ್ಲಿ ಹಿಟ್ಟು” ಅಂದನಂತೆ. ಈ ಕಥೆಯನ್ನು ಊರಲ್ಲಿ ಹತ್ತು ಮಂದಿ ಹತ್ತು ಥರ ಹೇಳುತ್ತಾರೆ. ಕೆಲವರ ಕಥೆಯಲ್ಲಿ ಅದು ಗೋದಿ ಹಿಟ್ಟು.

ಮೋಟರಿನ ಸ್ವಿಚ್ಚು ಒತ್ತುವ ಮೊದಲು ಆತನದೊಂದು ಪ್ರಾರ್ಥನೆ ಇತ್ತು. ಬಸವಣ್ಣನ ಹೆಸರು ತಗೊಂಡು, ಊರ ದ್ಯಾಮವ್ವನ ಹೆಸರು ತಗೊಂಡು, ಶರೀಫಜ್ಜನ ಹೆಸರು ತಗೊಂಡು, ಹುಲಗೂರಿನ ದರ್ಗಾದ ಕಡೆ ತಿರುಗಿ ಕೈ ಮುಗಿದು, ಕಡೆಗೆ ನಮ್ಮ ಊರಿಗೆ ಬರುತ್ತಿದ್ದ ಲೈನ್‌ಮನ್ ಹೆಸರು ಹೇಳಿ ಅವನಿಗೂ ಕೈ ಮುಗಿಯುತ್ತಿದ್ದ. ಬೀಸಿಕೊಳ್ಳಲು ಬಂದ ಹೆಣ್ಣುಮಕ್ಕಳು ನಗುತ್ತಿದ್ದರು. ನಮ್ಮಲ್ಲಿ ಸಣ್ಣವ ಇದನ್ನೇ ಮುಂದೆ ಮಾಡುತ್ತಾನೆ: ಲೈನ್‌ಮನ್‌ಗೂ ಬಸವಣ್ಣನಿಗೂ ಒಂದೇ ಸಾಲಿನಲ್ಲಿ ಕೈ ಮುಗಿಯುವವನು ಭಕ್ತನೇ? ದೊಡ್ಡವಳೂ ಇದನ್ನೇ ಮುಂದೆ ಮಾಡುತ್ತಾಳೆ: ಅಂಥವನೇ ಭಕ್ತ.

ಕರೆಂಟು ಹೋದರೆ ಗಿರಣಿ ಒಂದು ಸಭೆಯಾಗುತ್ತಿತ್ತು. ಜೋಳದ ಪುಟ್ಟಿಗಳನ್ನು ಪಾಳಿಯಂತೆ ಸಾಲಾಗಿ ಇಟ್ಟು ಹೆಣ್ಣುಮಕ್ಕಳು ಕಟ್ಟೆಯ ಮೇಲೆ ಕೂರುತ್ತಿದ್ದರು. “ಕರೆಂಟ್ ಯಾವಾಗ ಬರತೈತ್ರೀ ಅಣ್ಣಾರ?” ಎಂದು ಕೇಳಿದರೆ, “ತಂಗೆವ್ವ, ಮಳಿ, ಕರೆಂಟ್, ದೇವರು, ಮೂರೂ ಕರದ್ರ ಬರೂದಿಲ್ಲ. ಮರತ ಕುಂತಾಗ ಬರತಾವ” ಅನ್ನುತ್ತಿದ್ದ. ಮರೆತು ಕೂರಲಿಕ್ಕೆ ಕಥೆ ಬೇಕು. ಆತ ಹೆಚ್ಚು ಹೇಳುತ್ತಿದ್ದದ್ದು ಕನಕದಾಸರ ರಾಮಧಾನ್ಯ ಚರಿತೆಯ ಕಥೆ. ಕನಕದಾಸರು ಹುಟ್ಟಿದ ಬಾಡ ನಮ್ಮ ತಾಲೂಕಿನದೇ. ಭತ್ತಕ್ಕೂ ರಾಗಿಗೂ ಯಾರು ದೊಡ್ಡವರು ಎಂದು ಜಗಳವಾಗಿ, ರಾಮನ ಮುಂದೆ ನ್ಯಾಯ ಹೋಗಿ, ಆತ ಎರಡನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸುತ್ತಾನೆ. ತೆಗೆದು ನೋಡಿದರೆ ಭತ್ತ ಕೆಟ್ಟಿರುತ್ತದೆ, ರಾಗಿ ಹಾಗೇ ಇರುತ್ತದೆ. ಬಡವರ ಕಾಳಿಗೆ ರಾಘವನ ಹೆಸರು ಸಿಗುತ್ತದೆ. ಅಪ್ಪ ಇದನ್ನು ಹೇಳುವಾಗ ಭತ್ತದ್ದು ಒಂದು ದನಿ, ರಾಗಿಯದು ಒಂದು ದನಿ. ಭತ್ತ ಸಾವ್ಕಾರರ ಹಾಗೆ ಮೂಗಿನಲ್ಲಿ ಮಾತಾಡುತ್ತಿತ್ತು.

ಒಮ್ಮೆ ಒಬ್ಬ ಮುದುಕಿ ಕೇಳಿದಳು, “ಅಲ್ಲಪಾ, ಬಾಡದವರಾಗಿ ಕನಕಪ್ಪಾರು ನಮ್ಮ ಜ್ವಾಳದ ಸುದ್ದಿ ಯಾಕ ಬರೀಲಿಲ್ಲ?” ಅಪ್ಪ ಒಂದು ಕ್ಷಣವೂ ತಡೆಯದೆ, “ಯಮ್ಮಾ, ಜ್ವಾಳಕ್ಕ ವಕೀಲ ಬೇಕಾಗಿದ್ದಿಲ್ಲ” ಅಂದ.

ದೇವರ ವಿಷಯಕ್ಕೆ ಬಂದರೆ ಆತನ ನಿಜವಾದ ನಂಟು ಶರೀಫಜ್ಜನ ಜೋಡಿ. ಶಿಶುನಾಳ ಶರೀಫರು (1819–1889) ನಮ್ಮ ಕಡೆಯವರಿಗೆ ಪುಸ್ತಕದಲ್ಲಿರುವ ಸಂತರಲ್ಲ, ಮನೆಯ ಅಜ್ಜ. ಆತ ಯಾರ ಮನೆಯ ಜಗಲಿಯ ಮೇಲೆ ಕುಂತಿದ್ದ, ಯಾರಿಗೆ ಏನಂದ ಎಂಬುದನ್ನು ನಿನ್ನೆ ಮೊನ್ನೆ ನಡೆದಂತೆ ಹೇಳುವವರು ಈಗಲೂ ಇದ್ದಾರೆ. ಊರ ಭಜನಾ ಮೇಳದಲ್ಲಿ ಅಪ್ಪ ತಾಳ ಹಾಕುತ್ತಿದ್ದ. ಹಾಡಲು ಆತನಿಗೆ ಬರುತ್ತಿರಲಿಲ್ಲ. ಹಾಡಿದರೆ ಮೇಳದವರೇ ಕೈ ಮುಗಿದು ನಿಲ್ಲಿಸುತ್ತಿದ್ದರು. ಆದರೆ ತಾಳ ಮಾತ್ರ ತಪ್ಪುತ್ತಿರಲಿಲ್ಲ. ಇಡೀ ದಿನ ಪಟ್ಟಾದ ಸದ್ದು ಕೇಳಿ ಕೇಳಿ ಕೈಗೆ ಲಯ ಹತ್ತಿತ್ತು. ಶಿಶುನಾಳದ ಜಾತ್ರೆಗೆ ಮೇಳದ ಜೋಡಿ ಹೋಗಿ, ಗದ್ದುಗೆಯ ಹತ್ತಿರ ರಾತ್ರಿಯೆಲ್ಲಾ ತಾಳ ಹಾಕಿ, ಮರುದಿನ ಕೆಂಪು ಕಣ್ಣಿನಲ್ಲಿ ಬಂದು ಗಿರಣಿ ತೆಗೆಯುತ್ತಿದ್ದ.

ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಸಿನಿಮಾ 1990ರಲ್ಲಿ ಬಂದಾಗ ಗಿರಣಿಗೆ ಬೀಗ ಹಾಕಿ ಅವ್ವನನ್ನೂ ಕರಕೊಂಡು ಹೋಗಿ ನೋಡಿ ಬಂದ. ಗುರು ಗೋವಿಂದ ಭಟ್ಟರ ಪಾತ್ರದಲ್ಲಿ ಗಿರೀಶ ಕಾರ್ನಾಡರು ಆತನಿಗೆ ಪೂರ್ತಿ ಒಪ್ಪಿಗೆ. ಶರೀಫರ ಪಾತ್ರದ ಶ್ರೀಧರ್ ಬಗ್ಗೆ ಮಾತ್ರ, “ನಮ್ಮಜ್ಜ ಇಷ್ಟ್ ಚಂದ ಇದ್ದಿದ್ರ ಪದಾ ಯಾಕ ಬರೀತಿದ್ದ, ಕನ್ನಡಿ ನೋಡ್ಕೋತ ಕುಂದರತಿದ್ದ” ಅಂತ ತಕರಾರು.

ಕಳಸದ ಗೋವಿಂದ ಭಟ್ಟರು ಮೊದಲ ಸಲ ಹುಡುಗ ಶರೀಫನನ್ನು ಕಂಡಾಗ “ನಿಮ್ಮಪ್ಪ ಯಾರೋ?” ಎಂದು ಕೇಳಿದರೆಂದೂ, ಹುಡುಗ “ನಿಮ್ಮಪ್ಪನೇ ನನಗೂ ಅಪ್ಪ” ಎಂದನೆಂದೂ, ಸುತ್ತ ನಿಂತವರು ಸಿಟ್ಟಾದರೂ ಭಟ್ಟರು ಖುಷಿಯಾಗಿ ಅವನನ್ನು ಶಿಷ್ಯನನ್ನಾಗಿ ಮಾಡಿಕೊಂಡರೆಂದೂ ಒಂದು ಕಥೆ ಇದೆ. ಈ ಕಥೆ ಅಪ್ಪನ ಜೀವ. ಆದರೆ ಆತ ಇದನ್ನು ಬಳಸುತ್ತಿದ್ದ ರೀತಿ ಬೇರೆ. ನಾವು ಯಾರದಾದರೂ ಹೊಲದಲ್ಲಿ ಕಡಲೆ ಗಿಡ ಕಿತ್ತು ಸಿಕ್ಕಿಬಿದ್ದು, ಹೊಲದವರು ಕಿವಿ ಹಿಡಿದು ಮನೆಗೆ ತಂದು, “ಇವು ಯಾರ ಮಕ್ಕಳೋ?” ಅಂದರೆ, “ನಿಮ್ಮವ ತಗೋರಿ, ಶರೀಫಜ್ಜ ಆಗಲೇ ಹೇಳ್ಯಾನ” ಅನ್ನುತ್ತಿದ್ದ. ಹೊಲದವರು ನಗುತ್ತಿದ್ದರು, ಕಿವಿ ಬಿಡುತ್ತಿದ್ದರು. ಅವರು ಹೋದ ಮೇಲೆ ಅದೇ ಕಿವಿಯನ್ನು ಅಪ್ಪ ಹಿಡಿಯುತ್ತಿದ್ದ.

ಮೊಹರಂ ಬಂದರೆ ನಮ್ಮೂರಿನಲ್ಲಿ ಪಂಜಾ ಕೂರಿಸುತ್ತಾರೆ. ಎಲ್ಲಾ ಜಾತಿಯವರೂ ಹೋಗುತ್ತಾರೆ. ಚೊಂಗೆಗೆ ಬೇಕಾದ ಗೋದಿಯನ್ನು ಆ ವಾರ ಅಪ್ಪ ಪುಕ್ಕಟೆ ಬೀಸಿಕೊಡುತ್ತಿದ್ದ. ಗಿರಣಿಯ ಡೀಸೆಲ್ ಎಂಜಿನ್ನು ಕೆಟ್ಟರೆ ನೋಡುತ್ತಿದ್ದ ನದಾಫರ ಮಾಮಾ, ಅಪ್ಪನ ಜೀವದ ಗೆಳೆಯ, ಪ್ರತಿ ವರ್ಷ ಮೊದಲ ಚೊಂಗೆ ನಮ್ಮ ಮನೆಗೇ ತರುತ್ತಿದ್ದರು. ಇವರಿಬ್ಬರೂ ಒಬ್ಬರ ದೇವರನ್ನು ಇನ್ನೊಬ್ಬರು ಬೈದುಕೊಂಡೇ ನಲವತ್ತು ವರ್ಷ ಕಳೆದರು. ಬೈಗುಳಗಳನ್ನು ಇಲ್ಲಿ ಬರೆಯಲು ಬರುವುದಿಲ್ಲ. ಇವತ್ತಿನ ಕಾಲದಲ್ಲಂತೂ ಬರುವುದೇ ಇಲ್ಲ.

ಇನ್ನು ಕಲ್ಲಿನ ವಿಷಯ. ಗಿರಣಿಯ ಬಗ್ಗೆ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಒಬ್ಬರ ಕಾಳು ಬೀಸಿ ಮುಗಿದರೂ ಕಲ್ಲಿನ ಗೀರುಗಳೊಳಗೆ, ಸುತ್ತಲಿನ ಡಬ್ಬಿಯ ಅಂಚಿನಲ್ಲಿ ಒಂದು ಹಿಡಿಯಷ್ಟು ಹಿಟ್ಟು ಉಳಿದೇ ಉಳಿಯುತ್ತದೆ. ಮುಂದಿನವರ ಕಾಳು ಬಿದ್ದಾಗ ಅದು ತಳ್ಳಿಕೊಂಡು ಅವರ ಪುಟ್ಟಿಗೆ ಬೀಳುತ್ತದೆ. ಅವರದು ಒಂದು ಹಿಡಿ ಕಲ್ಲಿನಲ್ಲೇ ಉಳಿಯುತ್ತದೆ. ಲೆಕ್ಕ ಸಮ. ಗೋದಿಯ ಹಿಂದೆ ಜೋಳ ಬಂದರೆ ಮೊದಲ ಒಂದು ಹಿಡಿ ಬೇರೆ ತೆಗೆದಿಡುತ್ತಾರೆ, ಜೋಳದ ಹಿಂದೆ ಜೋಳ ಬಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ನಾವು ಸಣ್ಣವರಿದ್ದಾಗ, ನಮ್ಮಲ್ಲಿ ದೊಡ್ಡವಳು ಹತ್ತನೇತ್ತೆ ಪಾಸಾದ ಬೇಸಿಗೆ, ಊರಿನ ದೊಡ್ಡ ಮನೆತನದ ಹಿರಿಯರೊಬ್ಬರು ಗಿರಣಿಗೆ ಬಂದರು. ಅವರು ಗಿರಣಿಗೆ ಬರುವವರಲ್ಲ; ಆಳುಗಳು ಕಾಳು ತರುತ್ತಿದ್ದರು. ಕಟ್ಟೆಯ ಮೇಲೆ ಕೂರಲಿಲ್ಲ. ನಿಂತುಕೊಂಡೇ, “ಕೇರಿಯವರ ಕಾಳು ಬೀಸಿದ ಕಲ್ಲಾಗ ನಮ್ಮದೂ ಬೀಸತೀ. ಅದು ಸರಿ ಕಾಣೂದಿಲ್ಲ. ನಾಳಿಂದ ಮುಂಜಾನೆ ಮೊದಲ ನಮ್ಮ ಓಣಿಯವರದು ಬೀಸು. ಅವರದು ಆಮ್ಯಾಲೆ ಬೀಸ್ಕೋ” ಅಂದರು.

ನಾವು ಮೂವರೂ ಅಲ್ಲೇ ಇದ್ದೆವು. ಅಪ್ಪ ಹಿಟ್ಟಿನ ಕೈ ಒರೆಸಿಕೊಂಡು ಬಹಳ ವಿನಯದಿಂದ ಹೇಳಿದ: “ಆತ್ರೀ ಸಾವ್ಕಾರ್ರ. ನಿಮ್ಮದ ಮೊದಲ ಬೀಸೂಣು. ಆದ್ರ ಒಂದು ತೊಂದ್ರಿ ಐತ್ರಿ. ಕೇರಿಯವರು ಕೂಲಿ ಮುಗಿಸ್ಕೊಂಡು ಬರೂದು ರಾತ್ರಿ. ದಿನಾ ಕಡೀಕ ಬೀಸೂದು ಅವರದ. ಕಲ್ಲಾಗ ಉಳದ ಹಿಡಿ ಹಿಟ್ಟು ಮುಂಜಾನೆ ಮೊದಲ ಬಂದವರ ಪುಟ್ಟ್ಯಾಗ ಬೀಳತೈತಿ. ನೀವು ನಡಕ ಬಂದ್ರ ಯಾರ್ದರ ಬರತೈತಿ, ಹೇಳಾಕ ಬರೂದಿಲ್ಲ. ಮೊದಲ ಬಂದ್ರ ಮಾತ್ರ ಖಾತ್ರಿ ಅವರದ ಬರತೈತಿ. ಹೆಂಗ್ ಮಾಡೂಣ್ರಿ?”

ಕಟ್ಟೆಯ ಮೇಲೆ ಕುಂತವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ನಗು ಇರದಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತೇನೋ. ಹಿರಿಯರು ಏನೂ ಅನ್ನದೆ ಹೋದರು. ಮರುದಿನದಿಂದ ಆ ಓಣಿಯ ಏಳೆಂಟು ಮನೆಗಳ ಕಾಳು ನಮ್ಮ ಗಿರಣಿಗೆ ಬರುವುದು ನಿಂತಿತು. ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಪಕ್ಕದ ಊರಿಗೆ ಹೋಗುತ್ತಿದ್ದರು. ಏಳೆಂಟೇ ಮನೆ, ಆದರೆ ದೊಡ್ಡ ಮನೆಗಳು. ನಮ್ಮ ಗಳಿಕೆಯಲ್ಲಿ ಅರ್ಧದಷ್ಟು ಅವರದೇ ಇತ್ತು.

ಅವ್ವ ಆ ಮಳೆಗಾಲ ಅಪ್ಪನ ಜೋಡಿ ಸರಿಯಾಗಿ ಮಾತಾಡಲಿಲ್ಲ. “ಸುಮ್ಮ ಹೂಂ ಅಂದಿದ್ರ ಏನಾಗತಿತ್ತು? ಚಾಷ್ಟಿ ಮಾಡಾಕ ಹೋಗಿ ಒಲಿಗೆ ನೀರ್ ಹಾಕಿದ್ರಿ” ಅಂದಳು. ಅಪ್ಪ, “ಹೂಂ ಅಂದಿದ್ರ ನಾಳೆ ಕಲ್ಲು ತೊಳಿ ಅಂತಿದ್ರು. ಕಲ್ಲು ತೊಳದ್ರ ಹಿಟ್ಟು ಹತ್ತಿಕೋತೈತಿ” ಅಂದ. ಅವ್ವ ನಗಲಿಲ್ಲ. ಆಕೆಯ ಎರಡು ಬಂಗಾರದ ಬಳೆ ಶಿಗ್ಗಾಂವದಲ್ಲಿ ಅಡವಿಗೆ ಹೋದವು. ನಮ್ಮಲ್ಲಿ ದೊಡ್ಡವಳು ಆ ವರ್ಷ ಕಾಲೇಜಿಗೆ ಹೆಸರು ಹಚ್ಚಲಿಲ್ಲ. ಗೆಳತಿಯರೆಲ್ಲಾ ಮುಂಜಾನೆ ಬಸ್ಸಿಗೆ ನಿಂತಾಗ ಆಕೆ ಹಿತ್ತಿಲಿನಿಂದ ಹೊರಗೆ ಬರುತ್ತಿರಲಿಲ್ಲ. ಅಪ್ಪ ಆಕೆಗೆ ಸಮಾಧಾನದ ಮಾತು ಹೇಳಲು ಹೋಗಲಿಲ್ಲ, ಅಂಥ ಮಾತು ಆತನಿಗೆ ಬರುತ್ತಲೂ ಇರಲಿಲ್ಲ. ಗಿರಣಿಯ ಲೆಕ್ಕದ ಪುಸ್ತಕ ಮತ್ತು ತಕ್ಕಡಿಯನ್ನು ಆಕೆಯ ಕೈಗೆ ಕೊಟ್ಟ. ಒಂದು ವರ್ಷ ಗಿರಣಿಯ ಲೆಕ್ಕವೆಲ್ಲಾ ಆಕೆಯದು. ಮುಂದಿನ ಜೂನ್‌ನಲ್ಲಿ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೋಗಿ ಹೆಸರು ಹಚ್ಚಿಸಿ ಬಂದ.

ಆ ಮನೆಗಳವರು ಮತ್ತೆ ಬಂದರು. ಯಾರ ಮನಸ್ಸೂ ಬದಲಾಗಿರಲಿಲ್ಲ. ಪಕ್ಕದ ಊರಿನ ಗಿರಣಿಯಲ್ಲಿ ಕಲ್ಲು ಬಿಗಿ ಮಾಡಿ ಜೋರಾಗಿ ಬೀಸುತ್ತಿದ್ದರು. ಹಿಟ್ಟು ಕೈಗೆ ಹಿಡಿಯಲಾರದಷ್ಟು ಬಿಸಿ ಬರುತ್ತಿತ್ತು. ಬಿಸಿಯಾದ ಜೋಳದ ಹಿಟ್ಟಿಗೆ ಜಿಗಿ ಇರುವುದಿಲ್ಲ. ರೊಟ್ಟಿ ಬಡಿಯುವಾಗ ಅಂಚು ಬಿರಿಯುತ್ತದೆ, ಹಂಚಿಗೆ ಹಾಕಲು ಎತ್ತಿದರೆ ಹರಿಯುತ್ತದೆ. ದೀಪಾವಳಿ ಮುಗಿಯುವಷ್ಟರಲ್ಲಿ ದೊಡ್ಡ ಮನೆಯ ಹೆಣ್ಣುಮಕ್ಕಳೇ ಗಂಡಸರಿಗೆ ಹೇಳದೆ ಆಳುಗಳ ಕೈಯಲ್ಲಿ ಪುಟ್ಟಿ ಕಳಿಸಿದರು. ಅಪ್ಪ ಏನೂ ಕೇಳಲಿಲ್ಲ, ಪಾಳಿಯಲ್ಲಿ ಇಟ್ಟ. ಪಾಳಿ ಮುರಿದು ಮುಂದೆ ಮಾಡಲಿಲ್ಲ, ಹಿಂದೆಯೂ ಮಾಡಲಿಲ್ಲ. ದೊಡ್ಡವಳು ಅಪ್ಪನನ್ನು ಭಕ್ತ ಅನ್ನುವುದು ಇದರ ಸಲುವಾಗಿ. ಒಂದು ವರ್ಷ ಕಳೆದುಕೊಂಡವಳು ಆಕೆ. ಆಕೆಗೆ ಅನ್ನುವ ಹಕ್ಕಿದೆ ಎಂದು ಸಣ್ಣವನೂ ಒಪ್ಪುತ್ತಾನೆ.

ಆತ ನಮಗೆ ಬುದ್ಧಿ ಹೇಳಿದ್ದು ಕಡಿಮೆ. ಹೇಳಿದ್ದೆಲ್ಲಾ ಗಿರಣಿಯ ಸುದ್ದಿಯೇ. ಕಾಳು ಮುಗಿದ ಮೇಲೆ ಕಲ್ಲು ತಿರುಗಲು ಬಿಡಬಾರದು, ಕೂಡಲೇ ಎಬ್ಬಿಸಬೇಕು. ಇಲ್ಲದಿದ್ದರೆ ಕಲ್ಲಿಗೆ ಕಲ್ಲು ತಾಗಿ ಒಂದನ್ನೊಂದು ತಿನ್ನುತ್ತವೆ, ಕಿಡಿ ಹಾರುತ್ತದೆ, ಮುಂದಿನವರ ಹಿಟ್ಟಿನಲ್ಲಿ ಉಸುಕು. ಹೊಲದ ವಾಟ್ನಿ ವಿಷಯಕ್ಕೆ ಅಪ್ಪನಿಗೂ ದೊಡ್ಡಪ್ಪನಿಗೂ ವ್ಯಾಜ್ಯ ಬಂದಾಗ ಇಬ್ಬರೂ ಒಂದು ವರ್ಷ ಮಾತಾಡಿರಲಿಲ್ಲ. ಅಪ್ಪ ಒಂದು ದಿನ ಸುಮ್ಮನೆ ದೊಡ್ಡಪ್ಪನ ಮನೆಗೆ ಹೋಗಿ, ಶೇಂಗಾ ಬೀಜಕ್ಕೆ ಎರಡು ಸಾವಿರ ಕಡ ಕೇಳಿದ. ಮನೆಯಲ್ಲಿ ರೊಕ್ಕ ಇತ್ತು. ಯಾಕೆ ಕಡ ತಂದಿರಿ ಎಂದು ಅವ್ವ ಕೇಳಿದರೆ, “ಇಬ್ಬರ ನಡಕ ಏನರ ಕಾಳು ಬೇಕಲ್ಲ. ಬರೇ ಕಲ್ಲು ತಿರಗಾಕ ಹತ್ತಿದ್ವು” ಅಂದ. ಆ ಎರಡು ಸಾವಿರವನ್ನು ಆತ ಹೊಲದ ವಾಟ್ನಿ ಮುಗಿಯುವ ತನಕ ತೀರಿಸಲಿಲ್ಲ. ದೊಡ್ಡಪ್ಪ ಕೇಳುವ ನೆಪದಲ್ಲಿ ವಾರಕ್ಕೊಮ್ಮೆ ಬರುತ್ತಿದ್ದರು, ಚಹಾ ಕುಡಿದು ಹೋಗುತ್ತಿದ್ದರು.

ಸಕ್ಕರೆ ಕಾಯಿಲೆ ಬಂದದ್ದು ಐವತ್ತರ ಆಚೆ. ಎಲ್ಲರ ಹಾಗೆ ಆತನೂ ಅದನ್ನು ಚೇಷ್ಟೆಯಲ್ಲೇ ಕಳೆದ: “ಇಡೀ ಊರಿಗೆ ಹಿಟ್ಟು ಕೊಟ್ಟೆ, ದೇವರು ಸಕ್ರಿ ಕೊಟ್ಟ. ಇನ್ನ ತುಪ್ಪ ಒಂದು ಬಾಕಿ.” ಕಾಲಿನಲ್ಲಿ ಸ್ಪರ್ಶ ಕಡಿಮೆಯಾಗುತ್ತಾ ಬಂದದ್ದು ಆತನಿಗೇ ತಿಳಿಯಲಿಲ್ಲ. ಗಿರಣಿಯಲ್ಲಿ ಬರಿಗಾಲಿನಲ್ಲೇ ಓಡಾಡುತ್ತಿದ್ದ. ಒಂದು ತಗಡಿನ ಚೂರು ಬಲಗಾಲಿನ ಹೆಬ್ಬೆರಳ ಕೆಳಗೆ ಹೊಕ್ಕು ಎಷ್ಟು ದಿನವಾಗಿತ್ತೋ, ಅವ್ವ ನೋಡಿದಾಗ ಕಾಲು ಕಪ್ಪಾಗಿತ್ತು. ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು. ಮೊಣಕಾಲಿನ ಕೆಳಗೆ ತೆಗೆಯಬೇಕು, ತಡ ಮಾಡಿದರೆ ಜೀವಕ್ಕೆ ಬರುತ್ತದೆ ಅಂದರು.

ಅವ್ವ ಸವದತ್ತಿ ಎಲ್ಲಮ್ಮನಿಗೆ ಹರಕೆ ಹೊತ್ತಳು. ಕಾಲು ಉಳಿದರೆ ಬೆಳ್ಳಿಯ ಪಾದ ಮಾಡಿಸಿ ಒಪ್ಪಿಸುತ್ತೇನೆ ಎಂದು. ಅಪ್ಪ ಕಾಟಿನ ಮೇಲೆ ಮಲಗಿದ್ದವನು ಕೈ ಎತ್ತಿ ತಡೆದ. “ದೇವರ ಮುಂದ ತಕ್ಕಡಿ ಹಿಡೀಬ್ಯಾಡ. ಮೂವತ್ತು ವರ್ಷ ನಾನೂ ತಕ್ಕಡಿ ಹಿಡದೇನಿ, ಅದರ ಆಟ ನನಗ ಗೊತ್ತೈತಿ. ಕಾಲು ಉಳೀಲಿಲ್ಲ ಅಂದ್ರ ಆಕಿ ಮ್ಯಾಲೆ ಸಿಟ್ಟಾಗಿ ಕುಂದರತೀ. ಆಕಿ ಏನ್ ಮಾಡ್ಯಾಳ? ತಗಡು ತುಳದಾವ ನಾನು.” ನಂಬಿಕೆ ಇಲ್ಲದವನ ಮಾತು ಇದು ಎಂದು ನಮ್ಮಲ್ಲಿ ಒಬ್ಬರು ಆಗ ಅಂದುಕೊಂಡೆವು, ಇನ್ನೊಬ್ಬರು ಬೇರೆ ಅಂದುಕೊಂಡೆವು.

ಆಪರೇಶನ್ನಿನ ಹಿಂದಿನ ರಾತ್ರಿ ಮಾತ್ರ ಆತ ಚೇಷ್ಟೆ ಮಾಡಲಿಲ್ಲ. ಎಂಟು ಗಂಟೆಯಿಂದ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ನಮಗೆ ಅಂಜಿಕೆಯಾಯಿತು. ಆತ ಅಳುವುದನ್ನು ನಾವು ಯಾವತ್ತೂ ನೋಡಿರಲಿಲ್ಲ, ಆ ರಾತ್ರಿಯೂ ಮುಖ ತೋರಿಸಲಿಲ್ಲ, ಬೆನ್ನು ಅಲ್ಲಾಡುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ, ಶರೀಫಜ್ಜನ ಮಾಳಿಗೆ ಸೋರುವ ಪದ ಹಾಡ್ರಿ ಅಂದ. ಅಕ್ಕಪಕ್ಕದ ರೋಗಿಗಳು ಮಲಗಿದ್ದರು. ಮೂವರೂ ಆತನ ಕಿವಿಯ ಹತ್ತಿರ ಬಗ್ಗಿ ಪಿಸುದನಿಯಲ್ಲಿ ಹಾಡಿದೆವು. ಅಪ್ಪ ಬೆರಳಿನಿಂದ ಕಾಟಿನ ಕಬ್ಬಿಣದ ಪಟ್ಟಿಯ ಮೇಲೆ ತಾಳ ಹಾಕಿದ. ಮುಗಿದ ಮೇಲೆ ಅಂದ: “ಇಷ್ಟ್ ವರ್ಷ ತಾಳ ಹಾಕಿದ್ನಿ. ಪದಾ ಇವತ್ತ ಕೇಳಿದ್ನಿ.”

ಮುಂಜಾನೆ ಎದ್ದಾಗ ಮೊದಲಿನ ಅಪ್ಪನೇ. ಸ್ಟ್ರೆಚರ್ ತಳ್ಳುವ ಹುಡುಗನಿಗೆ, “ತಮ್ಮಾ, ಹೋಗುವಾಗ ಪೂರ್ತಿ ಚಾರ್ಜು, ಬರೂವಾ‌ಗ ಕಡಿಮಿ ಮಾಡಬೇಕ ನೋಡು, ತೂಕ ಇಳದಿರತೈತಿ” ಅಂದ.

ಕೆಲವು ತಿಂಗಳ ಮೇಲೆ ಜೈಪುರ ಕಾಲು ಹಾಕಿಸಿಕೊಂಡು ಬಂದ. ಅದಕ್ಕೆ ಮುಳ್ಳು ನಡುವುದಿಲ್ಲ, ಆಣಿ ಆಗುವುದಿಲ್ಲ, ಸಕ್ಕರೆ ಏರುವುದಿಲ್ಲ ಎಂದು ಊರೆಲ್ಲಾ ಹೊಗಳಿಕೊಂಡು ತಿರುಗಿದ. ಹಳೇ ಕಾಲಿನ ಬಗ್ಗೆ ಯಾರಾದರೂ ಲೊಚಗುಟ್ಟಿದರೆ, “ಅದನ್ನ ಮುಂದ ಕಳಿಸೇನಿ. ಬಸ್ಸಿನ್ಯಾಗ ಟಾವೆಲ್ ಹಾಕಿ ಸೀಟ್ ಹಿಡದಂಗ. ಅಲ್ಲೆ ಭಾಳ ಗದ್ದಲ ಐತಂತ” ಅನ್ನುತ್ತಿದ್ದ. ಒಂದೂವರೆ ಕಾಲಿನಲ್ಲೇ ಮತ್ತೂ ಆರು ವರ್ಷ ಗಿರಣಿ ನಡೆಸಿದ. ಆದರೆ ಕಲ್ಲು ಬಿಚ್ಚಿ, ಕೆಳಗೆ ಕುಂತು, ಉಳಿ-ಸುತ್ತಿಗೆಯಿಂದ ಗೀರು ಕೊರೆಯುವ ಕೆಲಸ ಮಾತ್ರ ಆಗುತ್ತಿರಲಿಲ್ಲ. ಅದನ್ನು ನದಾಫರ ಮಾಮಾ ಮಾಡಿಕೊಡುತ್ತಿದ್ದರು. ಅಪ್ಪ ಕುರ್ಚಿಯ ಮೇಲೆ ಕುಂತು ತಪ್ಪು ತೆಗೆಯುತ್ತಿದ್ದ.

ಹೋದದ್ದು ನಿದ್ದೆಯಲ್ಲಿ. ಹಿಂದಿನ ರಾತ್ರಿ ಭಜನೆಗೂ ಹೋಗಿ ಬಂದಿದ್ದ.

ನಮ್ಮಲ್ಲಿ ಹೂಳುವುದು ಕೂರಿಸಿ, ಪದ್ಮಾಸನ ಹಾಕಿಸಿ. ಕುಣಿ ತೋಡಿ ಎಲ್ಲಾ ಸಿದ್ಧವಾದ ಮೇಲೆ ಹಿರಿಯರಲ್ಲಿ ಒಂದು ಪ್ರಶ್ನೆ ಎದ್ದಿತು. ಒಂದೇ ಕಾಲಿಗೆ ಪದ್ಮಾಸನ ಹಾಕಿಸುವುದು ಹೇಗೆ? ಜೈಪುರ ಕಾಲನ್ನೂ ಜೋಡಿಸಿ ಕೂರಿಸೋಣ ಎಂದು ಒಬ್ಬರು. ಪ್ಲಾಸ್ಟಿಕ್ಕು, ರಬ್ಬರು ಸಮಾಧಿಯೊಳಗೆ ಬೇಡ ಎಂದು ಇನ್ನೊಬ್ಬರು. ಕಾಲಿಲ್ಲದೆ ಕಳಿಸಿದರೆ ಹೇಗೆ ಎಂದು ದೊಡ್ಡಪ್ಪ. ಅಯ್ಯನವರು ಎರಡೂ ಕಡೆ ತಲೆ ಆಡಿಸಿದರು. ಬಿಸಿಲು ಏರುತ್ತಿತ್ತು. ಹಿಂದೆ ನಿಂತಿದ್ದ ನದಾಫರ ಮಾಮಾ ಮುಂದೆ ಬಂದು, “ಅವನ ಕಾಲು ಮೊದಲ ಹೋಗಿ ಸೀಟ್ ಹಿಡಕೊಂಡು ಕುಂತೈತಿ. ಇದನ್ನೂ ಕಳಸಿದ್ರ ಮೂರು ಕಾಲಾಗತಾವ. ಅವಂಗ ಅಷ್ಟು ಸಾಕು, ಇಡ್ರಿ” ಅಂದರು. ಕುಣಿಯ ಸುತ್ತ ನಿಂತವರೆಲ್ಲಾ ನಕ್ಕುಬಿಟ್ಟರು. ಅವ್ವನೂ ನಕ್ಕಳು, ಸೆರಗು ಬಾಯಿಗೆ ಒತ್ತಿಕೊಂಡು. ನಾವು ಮೂವರೂ ಅಳುತ್ತಲೇ ನಗುತ್ತಿದ್ದೆವು. ಬೇರೆ ಊರಿನಿಂದ ಬಂದ ಬೀಗರು ನಮ್ಮನ್ನು ವಿಚಿತ್ರವಾಗಿ ನೋಡಿದರು. ಅಯ್ಯನವರ ಮಂತ್ರ ಮುಗಿದು, ಮಣ್ಣು ಹಾಕಿ, ಎಲ್ಲರೂ ತಿರುಗಿದ ಮೇಲೆ ಮಾಮಾ ಒಬ್ಬರೇ ನಿಂತು ಎರಡೂ ಅಂಗೈ ತೆರೆದು ದುವಾ ಮಾಡಿದರು. ಶರೀಫಜ್ಜ ಹೋದಾಗ ಹಿಂದೂ, ಮುಸಲ್ಮಾನ ಎರಡೂ ಪದ್ಧತಿಯ ವಿಧಿಗಳು ನಡೆದವು ಎಂದು ನಮ್ಮ ಕಡೆ ಹೇಳುತ್ತಾರೆ. ಅಪ್ಪನಿಗೆ ಇದು ಗೊತ್ತಾಗಿದ್ದರೆ ನಾಲ್ಕು ದಿನ ಮೀಸೆ ತಿರುವುತ್ತಿದ್ದ.

ಗೋಡೆಗೆ ಹಾಕಲು ಫೋಟೋ ಮಾಡಿಸಲು ಶಿಗ್ಗಾಂವಕ್ಕೆ ಹೋದಾಗ ಸ್ಟುಡಿಯೋದ ಹುಡುಗ ಕಂಪ್ಯೂಟರ್ ಮುಂದೆ ಕುಂತು, “ಹಣೆಗೆ ವಿಭೂತಿ ಹಾಕ್ಲೇನ್ರೀ?” ಎಂದು ಕೇಳಿದ. ದೊಡ್ಡವಳು ಹಾಕು ಅಂದಳು. ಸಣ್ಣವ ಬೇಡ ಅಂದ. ಅಲ್ಲೇ ಹತ್ತು ನಿಮಿಷ ನಡೆಯಿತು. ಕೊನೆಗೆ ಅವನು ಮೂರು ಗೆರೆ ಎಳೆದ, ಸ್ಕೇಲು ಇಟ್ಟ ಹಾಗೆ ನೇರ. ಮನೆಗೆ ತಂದರೆ ಅವ್ವ ಬಹಳ ಹೊತ್ತು ನೋಡಿ, “ಇದು ಯಾರೋ ಸ್ವಾಮಿಗಳ ಫೋಟೋ ಇದ್ದಂಗ ಐತಿ” ಅಂದು ಒಳಗೆ ಹೋದಳು.

ಗಿರಣಿಯನ್ನು ಮುಚ್ಚಬೇಕೋ ಬೇಡವೋ ಎಂದು ಒಂದು ವರ್ಷ ಯೋಚಿಸಿದೆವು. ಸುತ್ತಲಿನ ಹೊಲಗಳಲ್ಲಿ ಹತ್ತಿ, ಗೋವಿನಜೋಳ ಹೆಚ್ಚಾಗಿ ಬಿಳಿಜೋಳ ಕಡಿಮೆಯಾಗಿದೆ. ಮನೆಮನೆಗೆ ಸಣ್ಣ ಚಕ್ಕಿ ಬಂದಿವೆ, ಅಂಗಡಿಯಲ್ಲಿ ಪಾಕೀಟಿನ ಹಿಟ್ಟು ಸಿಗುತ್ತದೆ. ಆ ಚಕ್ಕಿಯಲ್ಲಿ ಅವರವರ ಹಿಟ್ಟು ಅವರವರಿಗೇ, ಯಾರದೂ ಯಾರಿಗೂ ಬೀಳುವುದಿಲ್ಲ. ಮುಚ್ಚಿಬಿಡೋಣ ಎಂದು ನಿರ್ಧರಿಸಿ ಮೋಟರಿಗೆ ಗಿರಾಕಿಯನ್ನೂ ಹುಡುಕಿದ್ದೆವು. ಆಗ ನಾವು ಮೂವರೂ ಗಮನಿಸದ ಒಂದು ಕೆಲಸವನ್ನು ಅವ್ವ ಮಾಡಿದಳು. ಕೇರಿಯ ಒಬ್ಬ ಹುಡುಗ, ಐಟಿಐ ಓದಿ ಕೆಲಸ ಸಿಗದೆ ಕುಂತಿದ್ದವನು, ಬಾಡಿಗೆಗೆ ಕೊಡುತ್ತೀರಾ ಎಂದು ಕೇಳಿದ್ದನಂತೆ. ಅವ್ವ ನಮ್ಮನ್ನು ಕೇಳದೆ ಹೂಂ ಅಂದು ಕೀಲಿ ಕೊಟ್ಟಳು.

ಈಗ ಗಿರಣಿ ವಾರಕ್ಕೆ ನಾಲ್ಕು ದಿನ ನಡೆಯುತ್ತದೆ. ಖಾರದ ಸುಗ್ಗಿಯಲ್ಲಿ ಏಳೂ ದಿನ. ಬೋರ್ಡು ಹಾಗೇ ಇದೆ, ಜಿ. ಧಾರವಾಡ. ಜೈಪುರ ಕಾಲು ಒಳಗಿನ ಗೂಟಕ್ಕೆ ತೂಗುತ್ತಿದೆ. ತೆಗೆಯಲೇ ಎಂದು ಹುಡುಗ ಕೇಳಿದ್ದಕ್ಕೆ, ಪಾಳಿ ಬಿಟ್ಟು ಗದ್ದಲ ಮಾಡುವವರಿಗೆ ತೋರಿಸಲು ಇರಲಿ ಅಂದಿದ್ದಾಳೆ ಅವ್ವ. ಹೋದ ತಿಂಗಳು ನಾವು ಹೋದಾಗ ದೊಡ್ಡ ಮನೆಯ ಸೊಸೆಯ ಪುಟ್ಟಿ ಪಾಳಿಯಲ್ಲಿ ಐದನೆಯದಿತ್ತು. ಹುಡುಗ ಕಲ್ಲು ಸ್ವಲ್ಪ ಬಿಗಿ ಮಾಡಿದ್ದ. ಅವ್ವ ಹಿಟ್ಟು ಮುಟ್ಟಿ ನೋಡಿ, ಬಿಸಿ ಬರಾಕ ಹತ್ತೇತಿ, ಸಡ್ಲ ಮಾಡು ಅಂದಳು.